ಉಪ್ಪಾರಹಳ್ಳಿಯ ಹವಳದ ದಿಬ್ಬ

ತುಮಕೂರಿಗೆ ಸಮುದ್ರವಿಲ್ಲ ಎಂಬುದು ನನಗೆ ದೊಡ್ಡ ಅಡಚಣೆಯಾಗಿ ಕಾಣಲಿಲ್ಲ.

ಕಾಲೇಜಿನ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡ ವಿಷಯ, ಹವಳ ತಿನ್ನುವ ಬಸವನಹುಳುಗಳ ಊಟದ ರುಚಿ. ಕಡಲು ಬಿಸಿಯೇರಿ ಹವಳಗಳು ಬಿಳಿಚಿಕೊಂಡು ಸಾಯುತ್ತಿವೆ. ಉಳಿದವನ್ನು ಈ ಹುಳುಗಳು ಮೇಯುತ್ತವೆ. ಅದರಲ್ಲೂ ಕವಲೊಡೆದ ಹವಳವೆಂದರೆ ಅವಕ್ಕೆ ಪ್ರಾಣ. ಇದನ್ನು ಪ್ರಯೋಗದಿಂದ ತೋರಿಸಿದರೆ ನಾನೂ ಜೊತೆಗಾತಿ ನಜ್ಮಾಳೂ ಪಾಸು. ಇಲ್ಲವಾದರೆ ಮುಂದಿನ ವರ್ಷವೂ ಅದೇ ಬೆಂಚು!

ಭಾನುವಾರ: ನಿಟ್ಟೂರಿನ ಮಾವನ ಹಿತ್ತಲಿನಿಂದ ಬಸವನಹುಳುಗಳನ್ನು ತಂದೆ. ಸಂಜೆ ಉಪ್ಪಾರಹಳ್ಳಿಯ ನಮ್ಮ ಮನೆಯ ಮೂಲೆಯಲ್ಲಿ, ದೊಡ್ಡ ತಟ್ಟೆಯ ಮೇಲೆ ಹವಳದ ದಿಬ್ಬ ಎದ್ದಿತು. ದುಂಡು ಹವಳಕ್ಕೆ ಬದಲು ಬೀಟ್‌ರೂಟ್, ಚಪ್ಪಟೆ ಹವಳಕ್ಕೆ ಎಲೆಕೋಸು, ಕವಲು ಹವಳಕ್ಕೆ ಹೂಕೋಸು.

"ಹಿತ್ಲು ಹುಳಕ್ಕೂ ಸಮುದ್ರದ ಹುಳಕ್ಕೂ ಒಂದೇ ಟೇಸ್ಟ್ ಇರುತ್ತೇನೋ?" ಎಂದಳು ನಜ್ಮಾ.

"ಅವೆಲ್ಲ ನೆಂಟ್ರೇ ಕಣೇ!"

ಸೋಮವಾರ ಬೆಳಗ್ಗೆ: ಬೀಟ್‌ರೂಟ್ ಹಾಗೇ ಇದೆ. ಎಲೆಕೋಸಿಗೆ ಎರಡು ತೂತು. ಹೂಕೋಸು ನಾಪತ್ತೆ! ದಂಟೂ ಇಲ್ಲ. ಹುಳುಗಳು ಉಂಡವರ ಗಾಂಭೀರ್ಯದಿಂದ ಗೋಡೆಗೆ ಅಂಟಿಕೊಂಡು ಮಲಗಿದ್ದವು. ಅಮ್ಮ ಬಡಿಸಿದ ಅಕ್ಕಿರೊಟ್ಟಿ, ಪಲ್ಯ ತಿನ್ನುತ್ತಲೇ ಫಲಿತಾಂಶವನ್ನು ಚಾರ್ಟಿಗೇರಿಸಿದೆ. ಪಲ್ಯ ಯಾವುದೆಂದು ನೋಡಲಿಲ್ಲ. ವಿಜ್ಞಾನಿಗೆ ಅಷ್ಟು ಪುರಸೊತ್ತೆಲ್ಲಿ?

ಮಧ್ಯಾಹ್ನ ಕಾಲೇಜಿನಲ್ಲಿ ಚಾರ್ಟು ನೋಡಿ ಪರೀಕ್ಷಕರು ಹುಬ್ಬೇರಿಸಿದರು. "ಇಡೀ ಹೂಕೋಸು, ಒಂದೇ ರಾತ್ರೀಲಾ?"

"ಹೌದು ಸಾರ್. ಹವಳಕ್ಕೆ ಎಂಥಾ ಅಪಾಯ ನೋಡಿ!"

ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ಅಮ್ಮ ಬಂದಳು.

"ಹುಳ ಎಲ್ಲಿ ತಿಂತು ಸಾರ್? ಅಷ್ಟ್ ಚೆನ್ನಾಗಿರೋ ಹೂಕೋಸ್ನ ಮೂಲೇಲಿ ಬಿಸಾಕಿದ್ದ ಇವ್ನು. ನಾನೇ ಪಲ್ಯ ಮಾಡ್ದೆ."

"ಅಮ್ಮಾ! ಅದ್ರ ಮೇಲೆ ಹುಳ ಹರಿದಾಡಿತ್ತು!"

"ಯಾವ್ ಹೂಕೋಸಲ್ಲಿ ಹುಳ ಇರಲ್ಲ ಹೇಳ್ಲಾ? ಬಿಸಿನೀರಿಗೆ ಉಪ್ಪು ಅರಿಶಿನ ಹಾಕಿ ಮುಳುಗಿಸ್ದೆ, ಆಯ್ತು. ಬೆಳಗ್ಗೆ ಎರಡ್ ಸಲ ಹಾಕಿಸ್ಕೊಂಡು ತಿಂದ್ಯಲ್ಲ, ಆಗೇನೂ ಅನ್ಲಿಲ್ಲ?"

ನಾನು ಬಾಯಿಗೆ ಕೈ ಅಡ್ಡ ಹಿಡಿದೆ. ನಜ್ಮಾ ಎರಡು ಹೆಜ್ಜೆ ದೂರ ಸರಿದಳು. "ಸಾರ್, ನಾನು ತಿಂದಿಲ್ಲ. ನನ್ನೊಬ್ಳನ್ನಾದ್ರೂ ಪಾಸ್ ಮಾಡಿ!"

ಪರೀಕ್ಷಕರು ಚಾರ್ಟಿನ ಮೇಲೆ ಬೆರಳಿಟ್ಟರು. "ಪ್ರಯೋಗ ಪರವಾಗಿಲ್ಲ ಕಣಯ್ಯ. ತಿಂದೋರ ಹೆಸರು ತಪ್ಪಾಗಿದೆ. ತಿದ್ದು, ಇಬ್ರಿಗೂ ಅಂಕ ಕೊಡ್ತೀನಿ."

'ಹವಳ ತಿನ್ನುವ ಜೀವಿ' ಎಂಬಲ್ಲಿ ಬಸವನಹುಳುವನ್ನು ಹೊಡೆದುಹಾಕಿ ನನ್ನ ಹೆಸರು ಬರೆದೆ. ಅದರ ಕೆಳಗಿನ ಸಾಲಿನಲ್ಲಿ 'ವಾಸಸ್ಥಾನ: ಕಡಲತಳ' ಎಂದಿತ್ತು. ಪೆನ್ನು ಕಿತ್ತುಕೊಂಡು ನಜ್ಮಾಳೇ ತಿದ್ದಿದಳು: ಉಪ್ಪಾರಹಳ್ಳಿ.