ಹೊಸ್ತಿಲಲ್ಲಿ ಬರುತ್ತಿದ್ದ ದೇವರು

ಮೈಮೇಲೆ ದೇವರು ಬರುವುದನ್ನು ನಾನು ನಂಬುವುದಿಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟು, ‘ಪುರಾವೆ ಎಲ್ಲಯ್ಯಾ?’ ಎಂದು ಹುಡುಗರ ಪ್ರಾಣ ತಿಂದವನು ನಾನು. ಹೀಗಿದ್ದೂ ಹೆದ್ದಾರಿಯನ್ನು ಅಗಲ ಮಾಡುತ್ತಿದ್ದ ಕಾಲದಲ್ಲಿ, ಐಮಂಗಲದ ನಮ್ಮ ಮನೆಯ ಹೊಸ್ತಿಲಲ್ಲಿ, ಸುಮಾರು ಎಂಟು ತಿಂಗಳು ನನ್ನ ಮೈಮೇಲೆಯೇ ದೇವರು ಬರುತ್ತಿತ್ತು. ಯಾವ ದೇವರು ಎಂದು ಮಾತ್ರ ಕೇಳಬೇಡಿ. ಬಂದವರು ಯಾರೂ ಕೇಳಲಿಲ್ಲ, ನಾನೂ ವಿಚಾರಿಸಲಿಲ್ಲ.

ನಿಜ ಹೇಳಿಬಿಡುತ್ತೇನೆ, ಅದು ಪಾರ್ಕಿನ್ಸನ್ ಕಾಯಿಲೆ. ಬಲಗೈ ನಡುಕದಿಂದ ಶುರುವಾಗಿದ್ದು, ಆಮೇಲೆ ಮುಖಕ್ಕೆ ಬಂತು. ನಗು, ಸಿಟ್ಟು ಯಾವುದೂ ಮುಖದಲ್ಲಿ ಮೂಡದಾಯಿತು. ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ, ದನಿ ಬಾವಿಯೊಳಗಿಂದ ಬಂದ ಹಾಗೆ ಆಳಕ್ಕಿಳಿಯಿತು. ಇದನ್ನೆಲ್ಲ ಹೇಗೋ ತಡೆದುಕೊಳ್ಳಬಹುದಿತ್ತು, ಕಾಲಿನದ್ದೇ ದೊಡ್ಡ ತಕರಾರು. ನಡುಮನೆಯಲ್ಲಿ ಸರಾಗವಾಗಿ ಬಂದ ಕಾಲು ಹೊಸ್ತಿಲ ಹತ್ತಿರ ಬಂದದ್ದೇ ತಡ, ನೆಲ ಕಚ್ಚಿ ನಿಂತುಬಿಡುತ್ತಿತ್ತು. ಎತ್ತು ಮಾರಾಯ ಎಂದರೆ ಎತ್ತುವುದಿಲ್ಲ. ಆ ಹೊತ್ತಿನಲ್ಲಿ ಯಾರಾದರೂ ಸ್ವಲ್ಪ ತಾಗಿದರೂ ಹಿಂದಕ್ಕೆ ಹಲಗೆಯಂತೆ ಬೀಳುತ್ತಿದ್ದೆ. ಹಾಗೆ ಎರಡು ಸಲ ಬಿದ್ದೆ. ಎರಡನೆಯ ಸಲ ತಲೆ ಒರಳುಕಲ್ಲಿಗೆ ಬಡಿಯುವುದು ಗೇಣಿನಲ್ಲಿ ತಪ್ಪಿತು. ಚಿತ್ರದುರ್ಗದ ಡಾಕ್ಟರು ಕನ್ನಡಕ ತೆಗೆದು, “ಮೇಷ್ಟ್ರೇ, ಇನ್ನೊಂದ್ಸಲ ಬಿದ್ದು ಸೊಂಟ ಮುರ್ಕಂಡ್ರೆ ಮತ್ತೆ ಏಳೋದು ಕಷ್ಟ ಐತೆ” ಎಂದರು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಶಾರದಾ ಅಂದಿನಿಂದ ನನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಳು. ಅವಳ ಕಣ್ಣೆಲ್ಲ ನನ್ನ ಪಾದದ ಮೇಲೆ.

ಒಂದು ಶುಕ್ರವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಮಾತ್ರೆಯ ಶಕ್ತಿ ಇಳಿದು, ನಾನು ಹೊಸ್ತಿಲಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಕೈ ನಡುಗುತ್ತಿದೆ, ಕಣ್ಣು ಮಿಟುಕುತ್ತಿಲ್ಲ. ಕುರಿ ಕಾಯುವ ಮನೆಯ ತಿಪ್ಪಕ್ಕ ಬೀದಿಯಿಂದ ನೋಡಿದಳು. ನೋಡಿದವಳು ಓಡಿಬಂದು ಹಿಡಿದುಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಓಡಿದ್ದು ತನ್ನ ಮನೆಗೆ. ನಿಂಬೆಹಣ್ಣು, ಕುಂಕುಮ ಹಿಡಿದು ಬಂದು, ಸೆರಗು ಹೊದ್ದು ಅಡ್ಡಬಿದ್ದಳು. “ಸ್ವಾಮೀ, ನನ್ ಹೋತ ಮೂರ್ ದಿನದಿಂದ ಕಾಣಾಕಿಲ್ಲ, ಎಲ್ಲೈತೆ ಹೇಳ್ರಿ!” ನನಗೆ ರೇಗಿತು. “ಹೈವೇ ಕಡೆ ಹೋಗಿ ನೋಡು, ಮೊದ್ಲು ನನ್ನ ಹಿಡ್ಕಳೇ” ಎಂದೆ. ಆ ದನಿಯಲ್ಲಿ ನನಗೇ ನನ್ನ ಗುರುತು ಹತ್ತಲಿಲ್ಲ. ದರಿದ್ರದ ಹೋತ ಹೈವೇ ಪಕ್ಕದ ಜಲ್ಲಿ ರಾಶಿಯ ಹಿಂದೆಯೇ ಸಿಕ್ಕಿತು!

ಆಮೇಲೆ ಕೇಳಬೇಕೇ? ಮಂಗಳವಾರ, ಶುಕ್ರವಾರ ಹನ್ನೊಂದಕ್ಕೆ ಸರಿಯಾಗಿ ಜನ ಅಂಗಳದಲ್ಲಿ ಕೂರತೊಡಗಿದರು. “ಇದು ಕಾಯಿಲೆ ಕಣ್ರಪ್ಪ” ಎಂದರೆ, “ಮೊದಮೊದ್ಲು ಎಲ್ಲಾ ದೇವ್ರೂ ಹಂಗೇ ಅಂತಾವೆ” ಎಂದು ಕೈ ಮುಗಿದರು. ಶಾರದಾ ಉರಿದುಬಿದ್ದಳು. “ಬಿದ್ದು ಸಾಯೋ ಮನುಷ್ಯನ್ನ ದೇವ್ರು ಮಾಡ್ಬ್ಯಾಡ್ರಿ, ಎದ್ದೋಗ್ರಿ!” ಎಂದು ಬೈದು ಕಳಿಸಿ, ಬಂದ ನಿಂಬೆಹಣ್ಣಿಗೆಲ್ಲ ಉಪ್ಪು ಹಾಕಿ ಜಾಡಿಗೆ ತುಂಬಿದಳು. ಉಪ್ಪಿನಕಾಯಿ ಚೆನ್ನಾಗಿತ್ತು, ಅದರಲ್ಲಿ ಸುಳ್ಳು ಹೇಳಬಾರದು.

ಅಷ್ಟರಲ್ಲಿ ಡಾಕ್ಟರು ಬೆಂಗಳೂರಿನ ಒಂದು ಆಸ್ಪತ್ರೆಗೆ ಚೀಟಿ ಕೊಟ್ಟರು. ಅಲ್ಲಿ ತಲೆ ಕೊಯ್ಯದೆ, ಸೂಜಿಯನ್ನೂ ಚುಚ್ಚದೆ, ಹೊರಗಿನಿಂದಲೇ ಆಯಸ್ಕಾಂತ ಹಿಡಿದು ಮೆದುಳನ್ನು ಎಚ್ಚರಿಸಿ ನೋಡುತ್ತಿದ್ದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಎಂಟರ ಅಂಕೆಯ ಆಕಾರದ ಸುರುಳಿಯೊಂದನ್ನು ನನ್ನ ನೆತ್ತಿಗೆ ತಂದಳು. ಟಕ್ ಎಂದಿತು. ನನ್ನ ಹೆಬ್ಬೆರಳು ಜಿಗಿಯಿತು. “ರೀ, ಬೆರಳ್ಯಾಕೆ ಕುಣಿಸ್ತೀರ?” ಎಂದಳು ಶಾರದಾ. “ನಾನು ಕುಣಿಸ್ತಿಲ್ಲ ಕಣೆ.” “ಮತ್ಯಾರು?” ಟಕ್ ಎಂದಿತು, ಮತ್ತೆ ಜಿಗಿಯಿತು. ಕರಿಹಲಗೆಯ ಮೇಲೆ ಆಯಸ್ಕಾಂತದ ಚಿತ್ರ ಬರೆದು ಬರೆದು ಸೀಮೆಸುಣ್ಣ ಸವೆಸಿದವನಿಗೆ ಕಾರಣ ಚೆನ್ನಾಗಿಯೇ ಗೊತ್ತಿತ್ತು. ಆದರೂ ನನ್ನ ಕೈಯೊಳಗೆ ನಾನಲ್ಲದವರು ಯಾರೋ ಇದ್ದು, ಕರೆದಾಗಲೆಲ್ಲ ಓಗೊಡುತ್ತಿದ್ದಾರೆ ಎನಿಸಿತು. ಆ ದಿನ ಹೊರಡುವಾಗ ಶಾರದಾ, “ಇನ್ಮೇಲೆ ಬೀಳಲ್ಲ ಅಲ್ವೇನಮ್ಮ?” ಎಂದು ಅಂಗಲಾಚಿದಳು. “ಇದಿನ್ನೂ ಪರೀಕ್ಷೆ ಹಂತದಲ್ಲಿದೆ ಅಮ್ಮ. ಹಾಗಂತ ಮಾತು ಕೊಡೋಕೆ ಆಗಲ್ಲ” ಎಂದಳು ಆ ಹುಡುಗಿ, ಪ್ರಾಮಾಣಿಕವಾಗಿ. ನನಗೆ ಅವಳ ಮೇಲೆ ಗೌರವ ಬಂತು. ಶಾರದಾಗೆ ಬರಲಿಲ್ಲ.

ಎರಡು ವಾರದ ಟಕಟಕದ ಕೊನೆಗೆ ಡಾಕ್ಟರಮ್ಮ ನನ್ನ ಭುಜ ಹಿಡಿದು, ಬೀಳುತ್ತೇನೋ ಎಂದು ಹಿಂದಕ್ಕೆ ಎಳೆದು ನೋಡಿದಳು. ಎರಡು ಹೆಜ್ಜೆ ತಡವರಿಸಿದೆ, ಬೀಳಲಿಲ್ಲ! ಊರಿಗೆ ಬಂದು ಹೊಸ್ತಿಲನ್ನು ಆರಾಮಾಗಿ ದಾಟಿದೆ. ಅಂಗಳದಲ್ಲಿ ಕಾದಿದ್ದ ತಿಪ್ಪಕ್ಕನ ಮುಖ ಸಪ್ಪಗಾಯಿತು. “ಬೆಂಗ್ಳೂರಿಗೋಗಿ ದೇವ್ರನ್ನ ಬಿಡಿಸ್ಕಂಡು ಬಂದ್ರಲ್ಲ ಮೇಷ್ಟ್ರೇ” ಎಂದು ನೊಂದುಕೊಂಡು ಹೋದಳು. ಜನ ಬರುವುದು ನಿಂತಿತು. ಒಂದು ತಿಂಗಳು ನಮ್ಮ ಮನೆಯಲ್ಲಿ ಹಬ್ಬ.

ಎರಡನೆಯ ತಿಂಗಳು ಒಂದು ಬೆಳಗ್ಗೆ ಕಾಲು ಮತ್ತೆ ನಿಂತಿತು. ಅಂಗಳದಲ್ಲಿ ನರಪಿಳ್ಳೆ ಇಲ್ಲ. ಒಳಗಿನ ಗಡಿಯಾರದ ಸದ್ದು ನನ್ನ ತಲೆಯೊಳಗೇ ಬಡಿಯುತ್ತಿತ್ತು. ಬಚ್ಚಲ ಕಡೆಯಿಂದ ಅಂಗಳಕ್ಕೆ ಬಂದ ಶಾರದಾ ನನ್ನನ್ನು ಕಂಡು ಗಕ್ಕನೆ ನಿಂತಳು. ಬೈಯುತ್ತಾಳೆ, ಹಿಡಿಯುತ್ತಾಳೆ ಎಂದುಕೊಂಡೆ. ಅವಳು ಮೆಲ್ಲಗೆ ಒದ್ದೆ ಕೈ ಒರೆಸಿಕೊಂಡಳು. ಸೆರಗನ್ನು ತಲೆ ತುಂಬ ಹೊದ್ದಳು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ನನ್ನ ಪಾದ ಬಿಟ್ಟು ಕಣ್ಣನ್ನೇ ನೋಡಿದಳು. ಆ ನೋಟ ಗಂಡನನ್ನು ನೋಡುವ ನೋಟವಾಗಿರಲಿಲ್ಲ.

“ಸ್ವಾಮೀ, ನಮ್ಮನೆಯವ್ರು ಮತ್ತೆ ಬೀಳ್ದಂಗೆ ಇರ್ತಾರಾ?”

ನಗಬೇಕೆಂದುಕೊಂಡೆ, ಮುಖ ಒಪ್ಪಲಿಲ್ಲ. ಶಾರದಾ ಎಂದು ಕರೆಯಬೇಕೆಂದುಕೊಂಡೆ, ಅದೂ ಆಗಲಿಲ್ಲ. ನನ್ನ ಬಾಯಿಂದ ಆ ಬಾವಿಯ ದನಿ ಹೊರಟಿತು: “ಇರ್ತಾನೆ. ಬೀಳಲ್ಲ.”

ಅವಳು ಬಿಕ್ಕಿ ಬಿಕ್ಕಿ ಅತ್ತು, ನನ್ನ ಕೈ ಹಿಡಿದು ಆಚೆ ದಾಟಿಸಿದಳು. ಇವತ್ತಿನವರೆಗೂ ನಾವಿಬ್ಬರೂ ಆ ಮಾತು ಎತ್ತಿಲ್ಲ. ಆ ಉತ್ತರ ನನ್ನದಲ್ಲ ಎಂದು ಯಾರ ಮೇಲೆ ಬೇಕಾದರೂ ಆಣೆ ಇಟ್ಟು ಹೇಳುತ್ತೇನೆ. ನನ್ನದಾಗಿದ್ದರೆ, ‘ಗೊತ್ತಿಲ್ಲ ಕಣೆ’ ಎಂದುಬಿಡುತ್ತಿದ್ದೆ. ಈಗ ಕೋಲು ಹಿಡಿದು, ಹೆಜ್ಜೆ ಎಣಿಸಿ, ಗೋಡೆ ಸವರಿಕೊಂಡು, ಭಾರಿ ಹುಷಾರಾಗಿ ನಡೆಯುತ್ತೇನೆ. ಸೊಂಟದ ಚಿಂತೆ ಇಲ್ಲವೆಂದಲ್ಲ. ಆದರೆ ನಾನು ಬಿದ್ದರೆ, ನಾನು ನಂಬದ ಆ ದೇವರು ಶಾರದಾಳ ಮುಂದೆ ಸುಳ್ಳುಗಾರನಾಗುತ್ತಾನಲ್ಲ!