ಭಾವನ ಖಟಕ್

ನಮ್ಮ ಭಾವನಿಗೆ ಬಾಗಿಲು ಮುಚ್ಚುವ ಹುಚ್ಚು. ಇದನ್ನು ನಾನು ಅವರ ಬೆನ್ನ ಹಿಂದೆ ಹೇಳುತ್ತಿಲ್ಲ, ಎದುರಿಗೇ ಹೇಳಿದ್ದೇನೆ. "ಹುಚ್ಚಲ್ಲ, ಜವಾಬ್ದಾರಿ" ಎಂದು ಅವರು ನನ್ನನ್ನೇ ತಿದ್ದಿದ್ದಾರೆ! ಲೋಕದಲ್ಲಿ ಹುಚ್ಚಿಗೇನು ಬರವೇ? ಕೆಲವರಿಗೆ ಇಸ್ಪೀಟಿನ ಹುಚ್ಚು, ಕೆಲವರಿಗೆ ರಾಜಕೀಯದ್ದು, ಕೆಲವರಿಗೆ ಶೇರು ಮಾರ್ಕೆಟ್ಟಿನದ್ದು. ಅವುಗಳಿಂದ ಮನೆ ಹಾಳಾದರೆ ನಾಲ್ಕು ಜನ ಬಂದು ಅಯ್ಯೋ ಪಾಪ ಎನ್ನುತ್ತಾರೆ. ಗಂಡನ ಅಣ್ಣನಿಗೆ ಚಿಲಕದ ಹುಚ್ಚು ಎಂದರೆ ಯಾರು ಅಯ್ಯೋ ಎನ್ನುತ್ತಾರೆ, ಹೇಳಿ? ನಗುತ್ತಾರೆ ಅಷ್ಟೆ. ನೀವೂ ಈಗ ನಕ್ಕಿರಿ, ನನಗೆ ಗೊತ್ತು.

ಭಾವ ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಮಾಲು ಏರಿಸಿ ಇಳಿಸುವ ಲಿಫ್ಟುಗಳ ಬಾಗಿಲು, ಬೋಲ್ಟು ಮಾಡುವುದು ಅವರ ಕೆಲಸ. ಆ ಕಾರ್ಖಾನೆಯೇ ಒಂದು ದಿನ ಬಾಗಿಲು ಹಾಕಿತು. ಭಾವನಿಗೆ ಸಂತೋಷ ಕೊಡದ ಮುಚ್ಚಿದ ಬಾಗಿಲು ಎಂದರೆ ಅದೊಂದೇ! ಅಂದಿನಿಂದ ಅವರು ಡೊಂಬಿವಲಿಯಲ್ಲಿ ನಮ್ಮ ಮನೆಯಲ್ಲೇ ಇದ್ದಾರೆ. ಹೆಂಡತಿ ಮಕ್ಕಳಿಲ್ಲ. ಹಿಂದೊಮ್ಮೆ ಕಲ್ಯಾಣದಲ್ಲಿ ಹೆಣ್ಣು ನೋಡಲು ಹೋಗಿದ್ದರಂತೆ. ಹುಡುಗಿ ಉಪ್ಪಿಟ್ಟು ತಂದಿಟ್ಟಳು, ಹಾಡಿದಳು. ಹುಡುಗಿಯ ತಂದೆ "ಹೇಗೆ?" ಎಂದು ಕೇಳಿದರು. ಭಾವ ಹೇಳಿದ್ದು: "ನಿಮ್ಮ ಬಚ್ಚಲಿನ ಚಿಲಕ ಸಡಿಲ ಉಂಟು." ಸಂಬಂಧ ಅಲ್ಲಿಗೇ ಮುರಿಯಿತು. ಹುಡುಗಿಯ ಪುಣ್ಯ. ನಮ್ಮ ಪುಣ್ಯ ಅಷ್ಟು ಗಟ್ಟಿಯಿರಲಿಲ್ಲ.

ಕೋಪರಿಯಲ್ಲಿ, ಠಾಣೆ ಸ್ಟೇಷನ್ನಿನಿಂದ ಹೊರಬಿದ್ದು ನಾಲ್ಕು ಹೆಜ್ಜೆ ಹಾಕಿದರೆ ನಮ್ಮ ಉಡುಪಿ ಹೋಟೆಲು. ಬೆಳಗಾದರೆ ಯಜಮಾನರು, ಭಾವ, ನಾನು ಮೂವರೂ ಲೋಕಲ್ ಹಿಡಿದು ಅಲ್ಲಿಗೆ ಬರುತ್ತೇವೆ. ಯಜಮಾನರು ಅಡುಗೆ ಮತ್ತು ಮಾಲು ನೋಡಿಕೊಂಡರೆ ಕೌಂಟರ್ ನನ್ನದು. ಜಾಗ ಇಕ್ಕಟ್ಟು. ಅದಕ್ಕೇ ಅಕ್ಕಿ, ಉದ್ದು, ಗ್ರೈಂಡರು, ದೋಸೆ ಹಿಟ್ಟು, ಗ್ಯಾಸ್ ಸಿಲಿಂಡರು ಎಲ್ಲ ಕೆಳಗೆ ಬೇಸ್‌ಮೆಂಟಿನಲ್ಲಿ. ಅಲ್ಲಿಗೆ ಇಳಿಯುವ ದಾರಿ ಹೋಟೆಲಿನ ಒಳಗಿಲ್ಲ, ಎದುರಿನ ಫುಟ್‌ಪಾತಿನಲ್ಲಿದೆ. ಕಬ್ಬಿಣದ ಜೋಡಿ ಬಾಗಿಲನ್ನು ಫುಟ್‌ಪಾತಿನ ಮಟ್ಟಕ್ಕೇ ಮಲಗಿಸಿದ್ದಾರೆ. ಅದನ್ನೆತ್ತಿದರೆ ಕೆಳಗೆ ಮಾಲಿನ ಲಿಫ್ಟು, ಪಕ್ಕದಲ್ಲೊಂದು ಏಣಿ. ಬಾಗಿಲು ಮುಚ್ಚಿದ್ದಾಗ ಅರ್ಧ ಠಾಣೆ ಅದರ ಮೇಲೆ ನಡೆದು ಟ್ರೇನಿಗೆ ಓಡುತ್ತದೆ. ತೆರೆದಿದ್ದಾಗ? ದೇವರೇ ಕಾಯಬೇಕು.

ಒಂದು ಸಲ ದೇವರಿಗೂ ಪುರುಸೊತ್ತಿರಲಿಲ್ಲ. ಗ್ಯಾಸಿನವನು ಸಿಲಿಂಡರ್ ಇಳಿಸಿ, ಒಂದು ಬಾಗಿಲು ಮುಚ್ಚಿ, ಇನ್ನೊಂದನ್ನು ಮರೆತು ಹೋದ. ನಮ್ಮ ಖಾಯಂ ಗಿರಾಕಿ, ಧಾರವಾಡದ ಕಡೆಯ ಬ್ಯಾಂಕಿನ ಗುಮಾಸ್ತರು, ಪೇಪರು ಓದುತ್ತ ಬಂದರು. ಒಂದು ಕಾಲು ಫುಟ್‌ಪಾತಿನಲ್ಲಿ ಉಳಿಯಿತು, ಇನ್ನೊಂದು ಪಾತಾಳಕ್ಕೆ ಹೋಯಿತು! ನಾಲ್ಕು ಜನ ಸೇರಿ ಎಳೆದೆವು.

"ಏನ್ರೀ ಇದು? ಇಡ್ಲಿ ತಿನ್ನಾಕ ಬಂದಾವನ್ನ ಪಾತಾಳಕ್ಕ ಕಳಸ್ತೀರೇನು?" ಎಂದು ಅವರು ಮೊಣಕಾಲು ಉಜ್ಜಿಕೊಳ್ಳುತ್ತ ಕೂಗಾಡಿದರು.

ಯಜಮಾನರು ಕೈಮುಗಿದು ಚಹಾ ಕೊಟ್ಟು, "ಇನ್ನು ನಾವು ಸರಿಯಾಗಿ ನೋಡಿಕೊಳ್ತೇವೆ" ಎಂದರು. ಅಷ್ಟಕ್ಕೇ ಮುಗಿಯಬೇಕಾಗಿತ್ತು. ಆದರೆ ಭಾವ ಎದ್ದು ನಿಂತರು. "ಎಂತ ನೋಡಿಕೊಳ್ಳುದು? ಮನುಷ್ಯ ಮರೀತಾನೆ ಮಾರಾಯ. ಬಾಗಿಲೇ ನೋಡಿಕೊಳ್ಬೇಕು!"

ಆಮೇಲೆ ಶುರುವಾಯಿತು ನಮ್ಮ ಗ್ರಹಚಾರ. ಹಳೆಯ ಕಾರ್ಖಾನೆಯ ಗೆಳೆಯರನ್ನು ಹಿಡಿದು ಭಾವ ಒಂದು ಬೀಗ ಮಾಡಿ ಕೂಡಿಸಿದರು. ಲಿಫ್ಟು ಕೆಳಗಿಳಿದರೆ ಬಾಗಿಲೆರಡೂ ತಾವಾಗಿ ಮುಚ್ಚಿಕೊಂಡು, ಎರಡು ದಪ್ಪ ಬೋಲ್ಟುಗಳು ಸ್ಪ್ರಿಂಗಿನ ಬಲದಿಂದ ಚೌಕಟ್ಟಿಗೆ ನುಗ್ಗುತ್ತವೆ. ಖಟಕ್! ಲಿಫ್ಟು ಮೇಲೆ ಬಂದರೆ ಅದರ ಕಮಾನು ಬೋಲ್ಟನ್ನು ಸರಿಸಿ ಬಾಗಿಲನ್ನೆತ್ತುತ್ತದೆ. ಎದ್ದ ಬಾಗಿಲು ಯಾರ ತಲೆಯ ಮೇಲೂ ಬೀಳದಂತೆ ಇನ್ನೊಂದು ಕೊಂಡಿ. ಅದೂ ಖಟಕ್! ಒಳಗಿದ್ದವರು ಸಿಕ್ಕಿಬೀಳದಂತೆ ಒಳಗೊಂದು ಹಿಡಿಕೆ. ಹೊರಗಿನಿಂದ ಮಾತ್ರ ಬ್ರಹ್ಮ ಬಂದರೂ ತೆಗೆಯಲಾಗದು. ಕರೆಂಟು ಹೋಗಿ ಲಿಫ್ಟು ನಿಂತರೆ ಏನು ಗತಿ? ಅದಕ್ಕೊಂದು ಬೆರಳುದ್ದದ ಕೀಲಿ. ಇಡೀ ಭೂಮಂಡಲದಲ್ಲಿ ಒಂದೇ ಒಂದು.

"ಇನ್ನೊಂದು ಮಾಡಿಸಿ ಭಾವ" ಎಂದೆ.

"ಇನ್ನೊಂದು ಮಾಡಿದರೆ ಇನ್ನೊಬ್ಬನ ಕೈಗೆ ಹೋಗ್ತದೆ. ಇನ್ನೊಬ್ಬ ಅಂದ್ರೆ ಯಾರು? ಮರೆಯುವವ!" ಎಂದವರೇ ಅದನ್ನು ತಮ್ಮ ಜನಿವಾರಕ್ಕೆ ಕಟ್ಟಿಕೊಂಡರು.

ಅಲ್ಲಿಂದ ನನ್ನ ಕಿವಿ ನನ್ನದಾಗಿ ಉಳಿಯಲಿಲ್ಲ. ನಾನು ಚಿಲ್ಲರೆ ಎಣಿಸುತ್ತಿದ್ದರೆ ಅಡುಗೆಮನೆಯಿಂದ ಭಾವನ ದನಿ: "ಖಟಕ್ ಕೇಳಿತಾ?" ಕೇಳಿತು ಎನ್ನಬೇಕು. ಗಿರಾಕಿಯ ಮಾತಿನ ನಡುವೆ ಕೇಳಿಸದೆ ಹೋಯಿತೋ, ಭಾವ ಕೈಯಲ್ಲಿದ್ದ ಕೆಲಸ ಬಿಟ್ಟು ಫುಟ್‌ಪಾತಿಗೆ ಓಡಿ ಬಾಗಿಲ ಮೇಲೆ ಎರಡು ಸಲ ಕುಪ್ಪಳಿಸಿ ಬರುವರು. ಮಸಾಲೆದೋಸೆಗೆ ಕಾದವರು ಇದನ್ನು ನೋಡುತ್ತ ಕೂರಬೇಕು! ಹೋಟೆಲು ನಡೆಸುವುದೋ, ಸರ್ಕಸ್ಸು ನಡೆಸುವುದೋ?

ನಮ್ಮ ಬಾಗಿಲಿಗಷ್ಟೇ ಇದು ಸೀಮಿತವಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಒಮ್ಮೆ ವಾಶಿಯಲ್ಲಿ ಯಜಮಾನರ ಸೋದರತ್ತೆಯ ಮೊಮ್ಮಗಳ ಮದುವೆ. ನಾನು ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಮುಹೂರ್ತಕ್ಕೆ ಹೊತ್ತಾಯಿತೆಂದು ಬಿರಬಿರನೆ ನಡೆಯುತ್ತಿದ್ದೇನೆ. ತಿರುಗಿ ನೋಡಿದರೆ ಭಾವ ಇಲ್ಲ! ಒಂದು ದೊಡ್ಡ ಅಂಗಡಿಯ ಮುಂದೆ, ತೆರೆದ ಇಂಥದೇ ಬಾಗಿಲಿನ ಪಕ್ಕ, ಎರಡೂ ಕೈ ಚಾಚಿ ನಿಂತಿದ್ದಾರೆ. ವಾಚ್‌ಮನ್ ಎದುರಿಗಿದ್ದಾನೆ.

"ಯೇ ಖುಲಾ ಕ್ಯೋಂ ರಖಾ ಹೈ?" ಯಾಕೆ ತೆರೆದಿಟ್ಟಿದ್ದೀಯೆಂದು ಭಾವನ ಗರ್ಜನೆ.

"ಮಾಲ್ ಉತರ್ ರಹಾ ಹೈ, ಅಂಕಲ್."

"ಮಾಲ್ ಕೇ ಸಾಥ್ ಆದ್ಮೀ ಭೀ ಉತರ್ ಗಯಾ ತೋ?" ಮಾಲಿನ ಜೊತೆ ಮನುಷ್ಯನೂ ಇಳಿದುಹೋದರೆ ಎಂದು ಭಾವನ ವಾದ.

"ಅಭೀ ತೋ ಸಿರ್ಫ್ ಆಪ್ ಹೀ ಗಿರನೇವಾಲೇ ಹೋ. ಹಟೋ ನಾ!" ಸದ್ಯಕ್ಕೆ ಬೀಳುವವರು ನೀವೊಬ್ಬರೇ, ಸರಿಯಿರಿ ಎಂದ ಅವನು.

ಭಾವ ಕದಲಲಿಲ್ಲ. ಮಾಲು ಇಳಿದು ಮುಗಿದು ಬಾಗಿಲು ಮುಚ್ಚುವವರೆಗೆ ನಾವು ಬಿಸಿಲಲ್ಲಿ ನಿಂತೆವು. ಛತ್ರಕ್ಕೆ ಹೋದಾಗ ಮದುಮಗಳು ಬೇರೆ ಸೀರೆ ಉಟ್ಟು ಊಟಕ್ಕೆ ಕೂತಿದ್ದಳು. ಸೋದರತ್ತೆ ನನ್ನನ್ನು ನೋಡಿ "ಈಗ ಬರುದಾ?" ಎಂದರು. ಭಾವನನ್ನು ಕೇಳಲಿಲ್ಲ, ನನ್ನನ್ನು! ತಡವಾದದ್ದಕ್ಕೆ ಯಾವಾಗಲೂ ಹೆಂಗಸರೇ ಕಾರಣವಲ್ಲವೇ?

ಆದರೆ ನನ್ನ ತಾಳ್ಮೆ ನಿಜವಾಗಿ ಹರಿದದ್ದು ಉಪಾಕರ್ಮದ ದಿನ. ಯಜಮಾನರೂ ಭಾವನೂ ಬೆಳಗ್ಗೆಯೇ ಡೊಂಬಿವಲಿಯ ಸಭಾಗೃಹಕ್ಕೆ ಜನಿವಾರ ಬದಲಿಸಲು ಹೋಗಿದ್ದರು. ಹೋಟೆಲಿನಲ್ಲಿ ನಾನು ಮತ್ತು ಅಡುಗೆಯ ಭಟ್ಟರು. ಲೋಡ್ ಶೆಡ್ಡಿಂಗು. ಲಿಫ್ಟಿಲ್ಲ. ಹಿಟ್ಟೆಲ್ಲ ಕೆಳಗೆ, ಕೀಲಿ ಭಾವನ ಮೈಮೇಲೆ. ಗಿರಾಕಿಗಳು ಬಂದು ಕೂತು, ಕಾದು, ಗೊಣಗಿ ಎದ್ದು ಹೋಗುತ್ತಿದ್ದರು. ನಮ್ಮ ಗುಮಾಸ್ತರು ಖಾಲಿ ಮೇಜಿನ ಮುಂದೆ ಕೂತು, "ಅವತ್ತ ನಾನು ಬಿದ್ದಾಗ ಬಾಗ್ಲ ತಗದಿತ್ತು. ಇವತ್ತ ನನ್ನ ಇಡ್ಲಿ ಒಳಗ ಬಿದ್ದೈತಿ, ಬಾಗ್ಲ ಹಾಕೈತಿ. ಯಾವ ಊರ ನ್ಯಾಯರೀ ಇದು?" ಎಂದು ಕೇಳಿದರು.

ಅಂತೂ ಯಜಮಾನರೂ ಭಾವನೂ ಬಂದರು. ಭಾವನ ಎದೆಯ ಮೇಲೆ ಹೊಸ ಜನಿವಾರ ಬೆಳ್ಳಗೆ ಹೊಳೆಯುತ್ತಿದೆ. "ಕೀಲಿ ಭಾವ, ಕೀಲಿ!" ಎಂದೆ. ಭಾವ ಜನಿವಾರವನ್ನು ಹಿಡಿದು ಸುತ್ತ ತಿರುಗಿಸಿದರು. ಇನ್ನೊಮ್ಮೆ ತಿರುಗಿಸಿದರು. ಮುಖ ಬಿಳಿಚಿತು.

ಹಳೆಯ ಜನಿವಾರವನ್ನು ನೀರಿಗೆ ಬಿಡಬೇಕಲ್ಲ? ಪುರೋಹಿತರು ಎಲ್ಲರದ್ದನ್ನೂ ಒಂದು ಬಕೆಟ್ಟಿನಲ್ಲಿ ಒಟ್ಟುಮಾಡಿ ಕಲ್ಯಾಣದ ಖಾಡಿಯ ಹಿನ್ನೀರಿಗೆ ಬಿಡಲು ಕಳಿಸಿದ್ದರು. ಭಾವ ಮಂತ್ರ ಹೇಳುತ್ತ, ಸಭಾಗೃಹದ ಹಿಂಬಾಗಿಲಿನ ಚಿಲಕ ಒಂದೇ ಮೊಳೆಯಲ್ಲಿ ನೇತಾಡುತ್ತಿರುವುದನ್ನು ದುರುಗುಟ್ಟಿ ನೋಡುತ್ತಿದ್ದರಂತೆ. ಕೈ ತನ್ನ ಪಾಡಿಗೆ ಹಳೆಯದನ್ನು ತೆಗೆದು ಬಕೆಟ್ಟಿಗೆ ಹಾಕಿತು. ಭೂಮಂಡಲದ ಒಂದೇ ಒಂದು ಕೀಲಿ ಶಾಸ್ತ್ರೋಕ್ತವಾಗಿ ವಿಸರ್ಜನೆಯಾಗಿತ್ತು!

ಅವರಿಗೆ ನಾಚಿಕೆಯಾಯಿತೆಂದುಕೊಂಡಿರಾ? "ಪುರೋಹಿತರಿಗೆ ಎಂತ ಅಷ್ಟು ಅವಸರ!" ಎಂದು ಅವರ ಮೇಲೇ ಹರಿಹಾಯ್ದರು. ನಮ್ಮ ಅಡುಗೆಯ ಭಟ್ಟರೂ ಪಕ್ಕದ ಅಂಗಡಿಯ ಇಬ್ಬರೂ ಹಾರೆ ಹಾಕಿ ಮೀಟಿದರು. ಬಾಗಿಲು ಜಪ್ಪಯ್ಯ ಎಂದರೂ ಕದಲಲಿಲ್ಲ. ಆಗ ನೋಡಬೇಕಿತ್ತು ಭಾವನ ಮುಖ! "ನೋಡಿದಿರಾ? ಬರುದಿಲ್ಲ! ಇನ್ನೂ ಜೋರು ಮೀಟಿ, ಬರುದಿಲ್ಲ!" ಎಂದು ಕುಣಿಯುತ್ತಿದ್ದಾರೆ. ಒಳಗೆ ಹಿಟ್ಟು ಹುಳಿಯುತ್ತಿದೆ, ಹೊರಗೆ ನಾನು!

ಮಧ್ಯಾಹ್ನ ಕರೆಂಟು ಬಂದು ಲಿಫ್ಟು ತಾನಾಗಿ ಬಾಗಿಲು ತೆಗೆಯಿತು. ಯಜಮಾನರು ಜೋರಾಗಿ ಮಾತಾಡುವವರಲ್ಲ. ಅವತ್ತೂ ಮೆಲ್ಲಗೆಯೇ ಹೇಳಿದರು: "ಅಣ್ಣ, ಭಾನುವಾರ ವೆಲ್ಡರ್ ಬರ್ತಾನೆ. ಆ ಬೋಲ್ಟು ಕತ್ತರಿಸಿ ಮಾಮೂಲು ಚಿಲಕ ಹಾಕಿಸ್ತೇನೆ."

ಭಾವ ರೇಗಲಿಲ್ಲ. "ಹಾಗಾದರೆ ನಾನು ಹೋಟೆಲಿಗೆ ಎಂತಕ್ಕೆ ಬರುದು?" ಎಂದು ಕೇಳಿದರು. ಯಜಮಾನರು ಹಿಟ್ಟಿನ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ನಡೆದರು. ಮರುದಿನ ಭಾವ ಕಲ್ಯಾಣದಲ್ಲಿ ಗೆಳೆಯನೊಬ್ಬನ ಹತ್ತಿರ ಒಂದು ರೂಮು ಇದೆಯೆಂದೂ, ಸೋಮವಾರದಿಂದ ಅಲ್ಲಿರುತ್ತೇನೆಂದೂ ಹೇಳಿದರು. ನನ್ನ ಸಿಟ್ಟು ನ್ಯಾಯವಾದದ್ದೇ. ಆದರೂ ಅವರು ಟ್ರಂಕಿನ ಧೂಳು ಒರೆಸುವುದನ್ನು ನೋಡಿದ ಮೇಲೆ ಅದು ಮೊದಲಿನ ಹಾಗೆ ಏರಲಿಲ್ಲ.

ಶುಕ್ರವಾರ ಮಳೆ ಹಿಡಿಯಿತು. ಬಾಂಬೆಯ ಮಳೆ ನಮಗೆ ಹೊಸದಲ್ಲ, ಆದರೆ ಅವತ್ತಿನದು ಮಳೆಯೇ ಅಲ್ಲ, ಯಾವುದೋ ಸೇಡು. ಮಧ್ಯಾಹ್ನದ ಹೊತ್ತಿಗೆ ಲೋಕಲ್ ನಿಂತಿತು, ಕರೆಂಟು ಹೋಯಿತು. ಮಾಲು ತರಲು ಡೊಂಬಿವಲಿಗೆ ಹೋಗಿದ್ದ ಯಜಮಾನರು ಅಲ್ಲೇ ಸಿಕ್ಕಿಹಾಕಿಕೊಂಡರು. ರಸ್ತೆ ಯಾವುದು, ಫುಟ್‌ಪಾತ್ ಯಾವುದು ತಿಳಿಯದಂತೆ ಮೊಣಕಾಲ ಮಟ್ಟಕ್ಕೆ ಕೆಂಪು ನೀರು. ಸ್ಟೇಷನ್ನಿನಿಂದ ಹೊರಬಿದ್ದ ಜನ ಚಪ್ಪಲಿ ಕೈಯಲ್ಲಿ ಹಿಡಿದು, ಕಾಲಿನಲ್ಲೇ ನೆಲ ತಡಕುತ್ತ, ಒಬ್ಬರ ಹೆಗಲು ಒಬ್ಬರು ಹಿಡಿದು ಸಾಗುತ್ತಿದ್ದರು. ಬಾಗಿಲಿನ ಸಂದಿಯಿಂದ ನೀರಿಳಿದು ನಮ್ಮ ಬೇಸ್‌ಮೆಂಟು ತುಂಬಿತ್ತು. ಅಕ್ಕಿ, ಸಕ್ಕರೆ ಎಲ್ಲ ಹೋಯಿತೆಂದು ನಾನು ತಲೆಗೆ ಕೈಹೊತ್ತು ಕೂತಿದ್ದೆ.

ಕತ್ತೆತ್ತಿ ನೋಡಿದರೆ ಭಾವ ಹೊರಗೆ ನೀರಿನಲ್ಲಿ ನಿಂತಿದ್ದಾರೆ! ಪ್ಯಾಂಟು ಮಡಚಿ, ಕೈಯಲ್ಲಿ ಛತ್ರಿ ಆಡಿಸುತ್ತ, "ಬಾಜೂ ಸೇ! ಬಾಜೂ ಸೇ!" ಎಂದು ಜನರನ್ನು ಸರಿಸುತ್ತಿದ್ದಾರೆ. ನಿಂತದ್ದು ಸರಿಯಾಗಿ ಆ ಬಾಗಿಲ ಮೇಲೆ.

"ಅಹೋ ಕಾಕಾ, ವಾಟೇತ್ ಕಾಯ್ ಉಭೇ ರಾಹಿಲಾತ್!" ದಾರಿಗಡ್ಡ ಯಾಕೆ ನಿಂತಿದ್ದೀರೆಂದು ಯಾರೋ ಬೈದು ಹೋದರು.

ನನ್ನ ಸಿಟ್ಟು ಮತ್ತೆ ನೆತ್ತಿಗೇರಿತು. ಸೀರೆ ಎತ್ತಿ ಕಟ್ಟಿ ನೀರಿಗಿಳಿದೆ. "ಒಳಗೆ ಬನ್ನಿ ಭಾವ! ಬಾಗಿಲು ಹಾಕಿ ಉಂಟಲ್ಲ? ಇಷ್ಟು ವರ್ಷ ಖಟಕ್ ಖಟಕ್ ಅಂತ ನಮ್ಮ ಜೀವ ತಿಂದಿರಿ. ಈಗ ನಿಮ್ಮ ಬೀಗದ ಮೇಲೆ ನಿಮಗೇ ನಂಬಿಕೆ ಇಲ್ಲವಾ?"

ಅಷ್ಟರಲ್ಲಿ ಕೆಳಗಿನಿಂದ ಢಬ್ ಎಂದಿತು. ಖಾಲಿ ಸಿಲಿಂಡರುಗಳು ನೀರಿನಲ್ಲಿ ತೇಲಿ ಬಂದು ಬಾಗಿಲಿಗೆ ಗುದ್ದುತ್ತಿದ್ದವು. ಪ್ರತಿ ಗುದ್ದಿಗೂ ಭಾವನ ಸಣಕಲು ಕಾಲು ನಡುಗುತ್ತಿತ್ತು. ಎರಡು ಬಾಗಿಲ ಮೇಲೆ ಒಂದೊಂದು ಕಾಲಿಟ್ಟು, ಬೀಳದ ಹಾಗೆ ಅಗಲಿಸಿಕೊಂಡು ನಿಂತಿದ್ದರು.

"ಬೀಗ ನಿಲ್ತದೆ" ಎಂದರು ಭಾವ. "ನನಗೆ ಗೊತ್ತುಂಟು, ನಿಲ್ತದೆ. ಆದರೆ ನನಗೆ ಗೊತ್ತಿದ್ದರೆ ಸಾಕಾ? ಮೇಲೆ ಕಾಲಿಡುವವರು ಅವರಲ್ಲವಾ?"

ಒಬ್ಬಳು ತಾಯಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು, ಅಡಿಯಲ್ಲೇನಿದೆಯೆಂದು ತಿಳಿಯದೆ, ಭಾವನ ಛತ್ರಿ ತೋರಿಸಿದ ಕಡೆಗೆ ಸರಿದು ದಾಟಿಹೋದಳು. ಮದುವೆಯಾಗಿ ಬಂದಂದಿನಿಂದ ಭಾವನ ಸರಿಸಮಕ್ಕೆ ಕೂತವಳಲ್ಲ, ನಿಂತವಳಲ್ಲ ನಾನು. ನಮ್ಮಲ್ಲಿ ಹಾಗಿಲ್ಲ.

"ಒಬ್ಬರೇ ಎರಡು ಬಾಗಿಲ ಮೇಲೆ ಹೇಗೆ ನಿಲ್ಲುದು ಭಾವ? ನೀವು ಆಚೆಯದರ ಮೇಲೆ ನಿಲ್ಲಿ. ಇದು ನನಗಿರಲಿ" ಎಂದೆ.

ಭಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿನ್ನ ತೂಕ ಎಷ್ಟು?"

ನನ್ನ ಗಂಡನೂ ಕೇಳುವ ಧೈರ್ಯ ಮಾಡದ ಪ್ರಶ್ನೆ! "ನಿಮಗಿಂತ ಹೆಚ್ಚು" ಎಂದೆ.

"ಹಾಗಾದರೆ ಅಡ್ಡಿಲ್ಲ, ನಿಲ್ಲು" ಎಂದು ಅವರು ಆಚೆಗೆ ಸರಿದರು.

ನೀರು ಇಳಿಯುವವರೆಗೆ ನಾವಿಬ್ಬರೂ ಅಲ್ಲಿ ನಿಂತಿದ್ದೆವು. ಢಬ್ ಎಂದಾಗಲೆಲ್ಲ ಒಬ್ಬರನ್ನೊಬ್ಬರು ನೋಡಿದೆವು. "ಬಾಜೂ ಸೇ" ಎಂದು ಕೂಗಿ ಕೂಗಿ ನನ್ನ ದನಿ ಬಿದ್ದುಹೋಯಿತು. ಬಾಗಿಲು ಒಂದು ಕೂದಲೆಳೆಯಷ್ಟೂ ಏಳಲಿಲ್ಲ.

ಭಾನುವಾರ ವೆಲ್ಡರ್ ತನ್ನ ಸಾಮಾನು ಹೊತ್ತು ಬಂದ. ಭಾವ ಬಂದಿರಲಿಲ್ಲ, ಮನೆಯಲ್ಲಿ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದರು. ಯಜಮಾನರು ಅವನಿಗೆ ಬೋಲ್ಟು ತೋರಿಸಲು ಹೊರಟರು. ನಾನು ಕೌಂಟರಿನಿಂದ ಎದ್ದು ಅವರನ್ನು ದಾಟಿ ಹೊರಗೆ ಹೋದೆ. ಎರಡು ಬಾಗಿಲ ಮೇಲೆ ಒಂದೊಂದು ಕಾಲಿಟ್ಟು ನಿಂತೆ.