ಕಾಪುವಿನ ಕಪ್ಪು ಹಲಗೆ

ಪ್ರಖ್ಯಾತನ ದಿನ ಕೆಟ್ಟದ್ದು ಮೂರೇ ಮೂರು ವಾಕ್ಯಗಳಿಂದ. ಆ ಮೂರೂ ಅವನು ಬರೆದದ್ದಲ್ಲ. ಅಂತರ್ಜಾಲದ ವಿಶ್ವಕೋಶದಲ್ಲಿ 'ನಿಸರ್ಗ ಬರವಣಿಗೆ' ಎಂಬ ಸಾಹಿತ್ಯ ಪ್ರಕಾರದ ಬಗ್ಗೆ ಇದ್ದದ್ದೇ ಅಷ್ಟು. ನಿಸರ್ಗ ಬರವಣಿಗೆ ಎಂದರೆ ನಿಸರ್ಗದ ಕುರಿತ ಬರವಣಿಗೆ ಎಂದು ಮೊದಲನೆಯದು ಹೇಳುತ್ತಿತ್ತು. ಎರಡನೆಯದು ಅದಕ್ಕೆ ತಲೆಯಾಡಿಸುತ್ತಿತ್ತು. ಮೂರನೆಯದು ಅರ್ಧಕ್ಕೆ ನಿಂತಿತ್ತು.

"ನಮ್ಮ ಕಾಲೇಜು ಈ ಲೇಖನವನ್ನು ದತ್ತು ತೆಗೆದುಕೊಂಡಿದೆ ಅಂತ ನಾನು ವರದಿಯಲ್ಲಿ ಬರೆದಾಗಿದೆ," ಎಂದು ಮಣಿಪಾಲದಿಂದ ಪ್ರಾಂಶುಪಾಲೆ ಮನೋರಮಾ ಮೇಡಂ ಬೆಳಿಗ್ಗೆ ಎಂಟಕ್ಕೇ ಫೋನ್ ಮಾಡಿದ್ದರು. "ನಾಳೆ ತಪಾಸಣೆಯ ತಂಡ ಬರುತ್ತದೆ. ಮಗು ಇನ್ನೂ ಮೂರು ಸಾಲಿನದ್ದೇ ಉಂಟಲ್ಲ ಪ್ರಖ್ಯಾತ್?"

"ಬೆಳೆಸುತ್ತೇನೆ ಮೇಡಂ."

"ಸಂಜೆ ಐದರ ಒಳಗೆ. ನಮ್ಮ ಕರಾವಳಿಯ ಬಗ್ಗೆ ಒಂದು ಪ್ಯಾರಾ ಆದರೂ ಅದರಲ್ಲಿ ನಿಲ್ಲಬೇಕು. ಅದು ನಿಂತರೆ ಮುಂದಿನ ವರ್ಷ ನೀವೂ ಕಾಲೇಜಿನಲ್ಲಿ ನಿಲ್ಲುತ್ತೀರಿ."

ಪ್ರಖ್ಯಾತ ಅತಿಥಿ ಉಪನ್ಯಾಸಕ. ಅತಿಥಿ ದೇವರಿಗೆ ಸಮಾನ ಎನ್ನುತ್ತಾರೆ. ಆದರೆ ದೇವರನ್ನು ಯಾರೂ ಪ್ರತಿ ಮಾರ್ಚ್ ತಿಂಗಳಲ್ಲಿ ಗುಡಿಯಿಂದ ಹೊರಗೆ ಕಳಿಸಿ ಜೂನ್‌ನಲ್ಲಿ ಪುನಃ ಅರ್ಜಿ ಹಾಕಿ ಎನ್ನುವುದಿಲ್ಲ.

ಅಂಬಲಪಾಡಿಯ ಫ್ಲ್ಯಾಟಿನಲ್ಲಿ ಅವನು ಲ್ಯಾಪ್‌ಟಾಪ್ ತೆರೆದ. ಹೊರಗೆ ಕೋಗಿಲೆಯೊಂದು ಕೂಗಿ ಕೂಗಿ ತಲೆ ತಿನ್ನುತ್ತಿತ್ತು. ನಿಸರ್ಗದ ಬಗ್ಗೆ ಬರೆಯಲಿಕ್ಕೆ ನಿಸರ್ಗ ಬಿಡುವುದಿಲ್ಲ ಎಂದು ಗೊಣಗಿ ಕಿಟಕಿ ಮುಚ್ಚಿದ. ಆಗ ನೆನಪಾದದ್ದು ಜೋಕಿಮ್ ಮಾಸ್ಟ್ರು. ಚಿಕ್ಕಂದಿನಲ್ಲಿ ತನ್ನ ಊರು ಇನ್ನಂಜೆಯಿಂದ ಕಾಪುವಿನ ಶಾಲೆಗೆ ಹೋಗುತ್ತಿದ್ದಾಗ ಅವರ ಮನೆಯ ಗೋಡೆಯ ಮೇಲಿನ ಕಪ್ಪು ಹಲಗೆಯನ್ನು ಅವನು ದಿನಾ ಓದಿದವನೇ. ಕಡಲು, ಹಕ್ಕಿ, ಹುಳ, ಏನು ಕಂಡರೆ ಅದನ್ನು ಮಾಸ್ಟ್ರು ಬೆಳಿಗ್ಗೆ ಸೀಮೆಸುಣ್ಣದಲ್ಲಿ ನಾಲ್ಕು ಸಾಲು ಬರೆಯುತ್ತಿದ್ದರು. ಸಂಜೆ ಆರಕ್ಕೆ ಒರೆಸುತ್ತಿದ್ದರು. ಮೂವತ್ತೊಂದು ವರ್ಷಗಳ ನಿಸರ್ಗ ಬರವಣಿಗೆ. ಒಂದು ಸಾಲೂ ಅಚ್ಚಾಗಿಲ್ಲ.

ಪ್ರಖ್ಯಾತ ಮಾಸ್ಟ್ರ ಬಗ್ಗೆ ಚಂದದ ಒಂದು ಪ್ಯಾರಾ ಬರೆದು ವಿಶ್ವಕೋಶಕ್ಕೆ ಏರಿಸಿದ. ನಾಲ್ಕೇ ನಿಮಿಷದಲ್ಲಿ ಅದು ಮಾಯ. ಆ ವಿಶ್ವಕೋಶ ಹಾಸ್ಟೆಲಿನ ಗೋಡೆಯ ಹಾಗೆ: ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಅಳಿಸಬಹುದು. ಅಳಿಸಿದವನ ಹೆಸರು 'ಕಡಲಕಾಗೆ'. ಕಾರಣ: 'ಆಧಾರ ಬೇಕಾಗಿದೆ.'

'ನಾನೇ ಕಣ್ಣಾರೆ ನೋಡಿದ್ದೇನೆ' ಎಂದು ಪ್ರಖ್ಯಾತ ಚರ್ಚೆಯ ಪುಟದಲ್ಲಿ ಬರೆದ.

'ನೋಡಿದ್ದು ನಿಮ್ಮ ಕಣ್ಣಿಗೆ ಒಳ್ಳೆಯದು. ಇಲ್ಲಿಗೆ ಪ್ರಕಟಿತ ಮೂಲ ಬೇಕು. ವಾಕ್ಯದ ಕೊನೆಗೆ ಪೂರ್ಣವಿರಾಮ ಹಾಕುವ ಅಭ್ಯಾಸ ಮಾಡಿಕೊಳ್ಳಿ' ಎಂದಿತು ಕಡಲಕಾಗೆ.

ಪ್ರಕಟಿಸಬೇಕಾದರೆ ಪತ್ರಕರ್ತ ಬೇಕು. ಕಾರ್ಕಳದಲ್ಲಿ 'ಕರಿಕಲ್ಲು ಕಹಳೆ' ಎಂಬ ಸುದ್ದಿತಾಣ ನಡೆಸುತ್ತಿದ್ದ ರೋನಿ ಪ್ರಖ್ಯಾತನ ಸಹಪಾಠಿ. ಫೋನ್ ಮಾಡಿದ್ದೇ ಸಾಕು, ಬೈಕ್ ಹತ್ತಿ ಬಂದ. ಪ್ರಖ್ಯಾತ ಕಾಪುವಿನಲ್ಲಿ ಬಸ್ಸಿನಿಂದ ಇಳಿಯುವಾಗ ಹನ್ನೆರಡು ಗಂಟೆ.

ಮಾಸ್ಟ್ರ ಗೋಡೆಗೆ ಒತ್ತಿಕೊಂಡೇ ಗದಗದ ಕಡೆಯ ರಾಚವ್ವನ ರೊಟ್ಟಿ ಅಂಗಡಿ. ಹಲಗೆಯ ಮೇಲೆ ಅಂದಿನ ಬರಹ ಇತ್ತು:

'ಮೇಲಿನ ತಂತಿಗೆ ಸೂರಕ್ಕಿ ಗೂಡು ನೇತು ಹಾಕಿದೆ. ಇಂದು ಬಸ್ ಟಿಕೆಟಿನ ಚೂರೊಂದನ್ನು ತಂದು ಅಂಟಿಸಿತು. ಉಡುಪಿಯಿಂದ ಕಾಪುವಿಗೆ. ಹಕ್ಕಿ ಬಸ್ಸಿನಲ್ಲಿ ಬಂದದ್ದಲ್ಲ.'

ರೋನಿ ಓದಿ ಮೂಗು ಮುರಿದ. "ಇದರಲ್ಲಿ ನ್ಯೂಸ್ ಎಂತ ಉಂಟು ಮಾರಾಯ? ಒಬ್ಬರು ಬರೆಯುತ್ತಾರೆ, ಒಂದು ಹಕ್ಕಿ ಕೂತುಕೊಳ್ಳುತ್ತದೆ. ಯಾರಾದರೂ ಬೀಳಬೇಕು, ಇಲ್ಲ ಯಾರನ್ನಾದರೂ ಬೀಳಿಸಬೇಕು. ಆಗ ಜನ ಓದುತ್ತಾರೆ."

"ನನಗೆ ಆಧಾರ ಬೇಕು ರೋನಿ. ಐದು ಗಂಟೆಯ ಒಳಗೆ."

ರೊಟ್ಟಿ ತಟ್ಟುತ್ತಿದ್ದ ರಾಚವ್ವ ಕಿವಿಗೊಟ್ಟಳು. "ಆಧಾರ್ ಬೇಕೇನ್ರಿ ಸಾಹೇಬ್ರ? ನಮ್ಮನಿಯವ್ರದು ಜೆರಾಕ್ಸ್ ಐತಿ, ಕೊಡ್ಲೇನು? ಬೀರಪ್ಪ ಅಂತ ಹೆಸರು. ಫೋಟೋದಾಗ ಥೇಟ್ ನಿಮ್ಹಂಗ ಮಾರಿ ಸಣ್ಣ ಮಾಡ್ಯಾರ."

ಜೋಕಿಮ್ ಮಾಸ್ಟ್ರು ಜಗಲಿಯಲ್ಲಿ ಕುಳಿತು ಫೋನ್ ಒತ್ತುತ್ತಿದ್ದರು. "ಪೇಪರಿಗೆಲ್ಲ ಎಂತಕ್ಕೆ? ಕಂಡದ್ದನ್ನು ಬರೆದೆ, ಓದುವವರು ಓದಿದರು, ಸಂಜೆ ಒರೆಸಿದೆ. ಲೆಕ್ಕ ಸರಿ ಆಯಿತಲ್ವಾ?"

"ಫೋಟೋದಲ್ಲಿ ಗೂಡೂ ಹಲಗೆಯೂ ಒಟ್ಟಿಗೆ ಬಂದರೆ ನೋಡುವ," ಎಂದ ರೋನಿ. "ಆ ತಂತಿ ಸ್ವಲ್ಪ ಕೆಳಗೆ ಬರಬೇಕು. ನೀನು ಹಿಡಿ."

ಪ್ರಖ್ಯಾತ ರಾಚವ್ವನ ಸ್ಟೂಲ್ ಹತ್ತಿದ. ಅದಕ್ಕೆ ಮೂರು ಕಾಲು ಗಟ್ಟಿ, ನಾಲ್ಕನೆಯದು ಅತಿಥಿ. ತಂತಿಯನ್ನು ಬೆರಳಿನಿಂದ ಮುಟ್ಟಿದ್ದೇ ತಡ, ಹೆಬ್ಬೆರಳಿನಷ್ಟು ದೊಡ್ಡ ಹಕ್ಕಿ ಗೂಡಿನಿಂದ ಹೊರಟು ನೇರ ಅವನ ಕನ್ನಡಕಕ್ಕೇ ಬಂತು. ಪ್ರಖ್ಯಾತ ಎರಡೂ ಕೈ ಚಾಚಿ ಸಿಕ್ಕಿದ್ದನ್ನು ತಬ್ಬಿಕೊಂಡ. ಸಿಕ್ಕಿದ್ದು ಹಲಗೆ. ಬಹಳ ವರ್ಷಗಳ ಮೇಲೆ ಸಿಕ್ಕಿದ ನೆಂಟನನ್ನು ತಬ್ಬಿದ ಹಾಗೆ ಅದನ್ನು ತಬ್ಬಿಕೊಂಡೇ ಮೇಲಿನಿಂದ ಕೆಳಗಿನವರೆಗೆ ಜಾರಿದ. ನೆಲಕ್ಕೆ ಕುಳಿತಾಗ ಹಲಗೆ ಖಾಲಿಯಾಗಿತ್ತು. ಅವನ ನೀಲಿ ಅಂಗಿಯ ಹೊಟ್ಟೆಯ ಮೇಲೆ 'ಬಸ್ ಟಿಕೆಟ್' ಎಂಬ ಬರಹ ಮಾತ್ರ ತಿರುಗುಮುರುಗಾಗಿ ಮಸಕು ಮಸಕಾಗಿ ಉಳಿದಿತ್ತು.

"ಅಯ್ಯ ಶಿವನ, ಮಾಸ್ತರ ಬರದದ್ದನ್ನ ಅಂಗೀಲೆ ಒರಸಿಬಿಟ್ರಲ್ರೀ," ಎಂದಳು ರಾಚವ್ವ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಸೇರಿದರು. ಗೂಡಿಗೆ ಏನೂ ಆಗಿರಲಿಲ್ಲ. ಹಕ್ಕಿ ವಾಪಸು ಬಂದು ಕುಳಿತು ಜನರನ್ನು ನೋಡತೊಡಗಿತು.

ರೋನಿಯ ಮುಖ ಮಾತ್ರ ಅರಳಿತ್ತು. "ಇದು ನ್ಯೂಸ್," ಎಂದು ಬೈಕ್ ಹತ್ತಿದ.

ರಾಚವ್ವ ಅಂಗಿ ಕಸಿದುಕೊಂಡು ಒಗೆದು ಬಿಸಿಲಿಗೆ ಹಾಕಿದಳು. ಪ್ರಖ್ಯಾತ ಬೀರಪ್ಪನ ಬನಿಯನ್ ಹಾಕಿಕೊಂಡು ಮಾಸ್ಟ್ರ ಜಗಲಿಯಲ್ಲಿ ಕುಳಿತು ಫೋನ್ ನೋಡುತ್ತಾ ಕಾದ. ನಾಲ್ಕು ಗಂಟೆಗೆ ಸುದ್ದಿ ಬಂತು: 'ಮಣಿಪಾಲದ ಉಪನ್ಯಾಸಕನಿಂದ ನಿಸರ್ಗ ಬರಹ ನಾಶ. 31 ವರ್ಷಗಳಿಂದ ಬರೆಯುತ್ತಿರುವ ಜೋಕಿಮ್ ಮಾಸ್ಟರ್ ಅವರ ಹಲಗೆಗೆ ಮೈಯೊಡ್ಡಿ ಅಳಿಸಿದ ಪ್ರಖ್ಯಾತ್.'

"ರೋನಿ, ನಾನು ಜಾರಿದ್ದು ಅಂತ ಹಾಕಲಿಲ್ಲವಲ್ಲ," ಎಂದು ಪ್ರಖ್ಯಾತ ಫೋನಿನಲ್ಲಿ ಗೋಳಾಡಿದ.

"ಜಾರಿದ ಅಂದರೆ ಯಾರು ಓದುತ್ತಾರೆ ಮಾರಾಯ? ಆಗಲೇ ಎಂಟು ಸಾವಿರ ಜನ ನೋಡಿಯಾಯಿತು. ಹೆಸರಿಗೆ ತಕ್ಕ ಹಾಗೆ ಆದೆಯಲ್ಲ."

ಬೇರೆ ದಾರಿ ಇರಲಿಲ್ಲ. ಪ್ರಖ್ಯಾತ ಅದೇ ಸುದ್ದಿಯನ್ನು ಆಧಾರವಾಗಿ ಕೊಟ್ಟು, ತನಗೆ ಬೇಕಾದಷ್ಟನ್ನೇ ಎತ್ತಿಕೊಂಡು ಬರೆದ: 'ಕಾಪುವಿನ ಜೋಕಿಮ್ ಮಾಸ್ಟರ್ 31 ವರ್ಷಗಳಿಂದ ಕಪ್ಪು ಹಲಗೆಯ ಮೇಲೆ ನಿಸರ್ಗ ಬರಹ ಬರೆಯುತ್ತಿದ್ದಾರೆ.' ಗಡಿಯಾರ ನೋಡುತ್ತಾ ನಾಲ್ಕು ನಿಮಿಷ ಕಾದ. ಪ್ಯಾರಾ ನಿಂತಿತು. ಹತ್ತು ನಿಮಿಷದ ಮೇಲೆ ಅದಕ್ಕೊಂದು ಬಾಲವೂ ಬಂತು: 'ಈ ಬರಹವನ್ನು ಮಣಿಪಾಲದ ಉಪನ್ಯಾಸಕ ಪ್ರಖ್ಯಾತ್ ನಾಶಪಡಿಸಿದರು.' ಕಡಲಕಾಗೆಯ ಟಿಪ್ಪಣಿ ಹೀಗಿತ್ತು: 'ಮೂಲದಲ್ಲಿ ಇದ್ದದ್ದನ್ನು ಪೂರ್ತಿ ಹೇಳಬೇಕು. ಸಿಹಿ ಮಾತ್ರ ಆರಿಸಿ ತಿನ್ನಬಾರದು.'

'ಅವರು ಕಾಲು ಜಾರಿ ಬಿದ್ದದ್ದು, ಬೇಕೆಂದು ಅಳಿಸಿದ್ದಲ್ಲ' ಎಂದು ಪ್ರಖ್ಯಾತ ಸೇರಿಸಿದ. ಪಕ್ಕದಲ್ಲಿದ್ದ ಮಾಸ್ಟ್ರು ಕನ್ನಡಕ ಏರಿಸಿ, ಸೀಮೆಸುಣ್ಣದ ಬೆರಳಿನಿಂದ ತಮ್ಮ ಫೋನಿನ ಮೇಲೆ ಎರಡು ಸಲ ಒತ್ತಿದರು. ಪ್ರಖ್ಯಾತನ ಫೋನ್ ಟಿಣ್ ಎಂದಿತು. 'ಆಧಾರ ಬೇಕಾಗಿದೆ.'

ಅವನು ತನ್ನ ಫೋನ್ ನೋಡಿದ. ಸುಣ್ಣ ಮೆತ್ತಿದ ಅವರ ಫೋನ್ ನೋಡಿದ.

"ಮಾಸ್ಟ್ರೆ, ಈ ಕಡಲಕಾಗೆ..."

"ನಾನೇ. ರಿಟೈರ್ ಆದ ಮೇಲೆ ತಿದ್ದಲಿಕ್ಕೆ ಪೇಪರ್ ಇಲ್ಲ ನೋಡಿ."

"ನಿಮ್ಮ ಬಗ್ಗೆ ಬರೆದದ್ದನ್ನು ನೀವೇ ಅಳಿಸಿದಿರಾ?"

"ನನಗೆ ನಾನೇ ಆಧಾರ ಆಗಲಿಕ್ಕೆ ಆಗುತ್ತದಾ? ನಿಯಮ ಅಂತ ಒಂದು ಉಂಟಲ್ಲ."

"ಆದರೆ ನಾನು ಜಾರಿದ್ದನ್ನು ನೀವು ನೋಡಿದ್ದೀರಿ."

"ಎರಡು ಮೊಳ ದೂರದಿಂದ ನೋಡಿದ್ದೇನೆ. ಚಂದ ಜಾರಿದ್ದೀರಿ. ಆದರೆ ನನ್ನ ಕಣ್ಣು ಪ್ರಕಟಿತ ಮೂಲ ಅಲ್ಲ ಮಾರಾಯ್ರೆ."

ಐದಕ್ಕೆ ಸರಿಯಾಗಿ ಮನೋರಮಾ ಮೇಡಂ ಫೋನ್ ಮಾಡಿದರು. ದನಿ ತಣ್ಣಗಿತ್ತು. "ಪ್ಯಾರಾ ನಿಂತಿದೆ ಪ್ರಖ್ಯಾತ್, ಥ್ಯಾಂಕ್ಸ್. ನಾನೂ ಓದಿದೆ, ಕಾಲೇಜು ಕಮಿಟಿಯವರೂ ಓದಿದರು. ನೀವು ನಿಲ್ಲುವುದು ಮಾತ್ರ ಇನ್ನು ಕಷ್ಟ."

ಫೋನ್ ಕೆಳಗಿಟ್ಟ ಅವನ ಮುಖ ನೋಡಿ ಮಾಸ್ಟ್ರಿಗೆ ಪಾಪ ಅನ್ನಿಸಿರಬೇಕು. ಎದ್ದು ಹೋಗಿ ಖಾಲಿ ಹಲಗೆಯ ಮೇಲೆ ತಮ್ಮ ದುಂಡು ಅಕ್ಷರದಲ್ಲಿ ಬರೆದರು:

'ಇಂದು ಮಧ್ಯಾಹ್ನ ಕಂಡದ್ದು: ಮಣಿಪಾಲದ ಕಡೆಯ ಒಂದು ಜೀವಿ. ಕನ್ನಡಕ ಉಂಟು. ಸ್ಟೂಲ್ ಹತ್ತುತ್ತದೆ, ಹಕ್ಕಿಗೆ ಹೆದರುತ್ತದೆ, ಜಾರಿ ಬೀಳುತ್ತದೆ. ಬೇಕೆಂದು ಯಾರಿಗೂ ತೊಂದರೆ ಕೊಡುವುದಿಲ್ಲ.'

"ಇದರ ಫೋಟೋ ತೆಗೆದು ಆಧಾರ ಅಂತ ಕೊಡಬಹುದಾ ಮಾಸ್ಟ್ರೆ?" ಪ್ರಖ್ಯಾತನ ದನಿಯಲ್ಲಿ ಜೀವ ಬಂದಿತ್ತು.

"ಕೊಡಿ. ನಾನು ತೆಗೆಯುತ್ತೇನೆ," ಎಂದರು ಮಾಸ್ಟ್ರು.

"ಫೋಟೋವನ್ನಾ?"

"ಅಲ್ಲ, ವಿಶ್ವಕೋಶದಿಂದ."

ರಾಚವ್ವ ಒಣಗಿದ ಅಂಗಿ ತಂದುಕೊಟ್ಟಳು. ಗುಂಡಿ ಹಾಕಿಕೊಳ್ಳುತ್ತಾ ಪ್ರಖ್ಯಾತ ಹಲಗೆಯನ್ನು ಎರಡು ಸಲ ಓದಿದ. ಅವನ ಪರವಾಗಿ ಲೋಕದಲ್ಲಿ ಇದ್ದದ್ದು ಅದೊಂದೇ ಬರಹ. ಉಡುಪಿಯ ಬಸ್ ಬಂತು, ಹತ್ತಿ ಕಿಟಕಿಯ ಬದಿಗೆ ಕುಳಿತ.

ಗಂಟೆ ಆರಾಗಿತ್ತು. ಮಾಸ್ಟ್ರು ಒದ್ದೆ ಬಟ್ಟೆ ಹಿಡಿದು ಹೊರಗೆ ಬಂದರು.